ತಪ್ಪು ಓದುತ್ತಿದ್ದ ಮಾರ್ಕಂಡೇಯ

“ಎಳಿ ಸಿಗವಲ್ದು ಅವ್ವಾ!”

ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದ ಬಾಲರಾಜ ಒಳಗಿನಿಂದಲೇ ಕೂಗಿದ. ಬೆಳಗಿನಿಂದ ಅದು ನಾಲ್ಕನೆಯ ಸಲ. ಹೊರಗೆ ಅಂಗಳದಲ್ಲಿ ಅವನ ಅಪ್ಪ ಮಾರ್ಕಂಡೇಯನ ಹೆಣ ಚಾಪೆಯ ಮೇಲಿತ್ತು. ಬಿಸಿಲು ಆಗಲೇ ಪಾದದವರೆಗೆ ಬಂದಿತ್ತು.

“ಸಿಗೋತನಕ ಹುಡುಕು,” ಎಂದಳು ಜೋಗಮ್ಮ, ಗಂಡನ ತಲೆಯ ಹತ್ತಿರ ಕುಳಿತವಳು ಅಲ್ಲಾಡದೆ. “ಒಂದು ಗೇಣು ನೇಯದ ಎತ್ತಂಗಿಲ್ಲ. ನಿಮ್ಮ ಮುತ್ಯಾ ಹೋದಾಗ ನಿಮ್ಮಪ್ಪ ನೇಯ್ದಿದ್ದ. ಈಗ ನೀನು.”

ಅದು ಆ ಮನೆತನದ ಪದ್ಧತಿ. ಮಗ್ಗದ ಮೇಲೆ ಸೀರೆ ಅರ್ಧ ಇರುವಾಗ ಹಿರಿಯ ಕಣ್ಣುಮುಚ್ಚಿದರೆ, ಮಗ ಅದಕ್ಕೆ ಒಂದು ಗೇಣು ಸೇರಿಸಿ ಆಮೇಲೆ ಹೆಗಲು ಕೊಡಬೇಕು. ಕೆಲಸ ನಿಂತಿಲ್ಲ ಎಂದು ಹೋಗುವವನಿಗೆ ತೋರಿಸಿ ಕಳಿಸುವುದು. ಆದರೆ ಅರಿಶಿನ ಬಣ್ಣದ ಹಾಸಿನಲ್ಲಿ ಎಲ್ಲೋ ಒಂದು ಎಳೆ ಹರಿದಿತ್ತು. ನಿನ್ನೆ ಸಂಜೆ ಅದನ್ನೇ ಹುಡುಕುತ್ತಿದ್ದ ಮಾರ್ಕಂಡೇಯ ಎದೆ ಹಿಡಿದುಕೊಂಡು ಮಗ್ಗದಿಂದ ಎದ್ದವನು ಮತ್ತೆ ಕೂರಲಿಲ್ಲ. ಬಾಲರಾಜ ಮಗ್ಗ ಬಿಟ್ಟು ಹತ್ತು ವರ್ಷವಾಗಿತ್ತು. ನಾರಾಯಣಪೇಟೆಗೂ ಮಕ್ತಲ್‌ಗೂ ನಡುವೆ ಆಟೋ ಓಡಿಸುವ ಕೈಗೆ ಈಗ ಸಾವಿರಾರು ಎಳೆಗಳಲ್ಲಿ ಒಂದನ್ನು ಹುಡುಕು ಎಂದರೆ ಎಲ್ಲಿಂದ ಹುಡುಕಬೇಕು? ಅಳು ಬೇರೆ ಕಣ್ಣು ತುಂಬುತ್ತಿತ್ತು.

ಮೌನಿಕಾ ಬಂದದ್ದು ಆಗ. ತೆಲಂಗಾಣದ ಆ ಗಡಿ ಊರಿನ ಕನ್ನಡ ಶಾಲೆಯ ಟೀಚರು. ಕಾಯಂ ಅಲ್ಲ, ವರ್ಷ ವರ್ಷವೂ ಜೂನ್ ತಿಂಗಳಲ್ಲಿ ಹೊಸ ಹುಕುಂ ಬಂದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಅವಳ ಹಿಂದೆ ಹದಿನೇಳು ಮಕ್ಕಳು ಚಪ್ಪಲಿ ಬಾಗಿಲಲ್ಲೇ ಬಿಟ್ಟು ಸದ್ದಿಲ್ಲದೆ ಒಳಗೆ ಬಂದರು. ಎಲ್ಲರಿಗಿಂತ ಮುಂದೆ ಐದನೆಯ ತರಗತಿಯ ಅಖಿಲಾ ಇದ್ದಳು. ಅತ್ತೂ ಅತ್ತೂ ಅವಳ ಮುಖ ಊದಿತ್ತು.

“ಬಾ ಮೌನಿಕಾ,” ಎಂದಳು ಜೋಗಮ್ಮ. “ನಿನ್ನ ದೊಡ್ಡಪ್ಪನ್ನ ನೋಡು. ಬಾಯಿ ಮುಚ್ಯಾನ ಕಡೀಗೆ.”

ಮೌನಿಕಾ ಪಾದ ಮುಟ್ಟಿದಳು. ಮುಖ ನೋಡುವ ಧೈರ್ಯ ಬರಲಿಲ್ಲ. ಎರಡು ವರ್ಷದಿಂದ ಆ ಮುಖವನ್ನು ನೆಟ್ಟಗೆ ನೋಡಿದವಳಲ್ಲ ಅವಳು.

ಪಕ್ಕದ ಮನೆಯ ಪೆಂಟಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು ಲೊಚಗುಟ್ಟಿದಳು. “ಪಾಪ, ಭಾಳ ಒಳ್ಳೆ ಮನಷಾ. ಓದಾಕ ಬರ್ತಿರಲಿಲ್ಲಂತ, ಆದ್ರೂ ಪುಸ್ತಕ ಹಿಡ್ಕೊಂಡು ಹುಡುಗ್ರಿಗೆ ಬಾಯಿಗೆ ಬಂದಂಗ ಓದಿ ಹೇಳ್ತಿದ್ದ. ಸಾಲ್ಯಾಗ ಬ್ಯಾಡಂದ್ರೂ ಬಿಡಲಿಲ್ಲ ನೋಡ್ರಿ.”

“ಏನಂದಿ?”

ಜಗಲಿಯ ಮೇಲೆ ಕುಳಿತಿದ್ದ ರಾಘಣ್ಣ ಊರುಗೋಲನ್ನು ನೆಲಕ್ಕೆ ಕುಟ್ಟಿದರು. ಮಕ್ತಲ್‌ನ ತಹಸೀಲು ಕಚೇರಿಯಲ್ಲಿ ದಫ್ತರು ನೋಡಿಕೊಂಡು ನಿವೃತ್ತರಾದ ಮುದುಕ. ಮಂತ್ರಾಲಯಕ್ಕೆ, ರಾಯಚೂರಿಗೆ ತಿಂಗಳಿಗೊಮ್ಮೆ ತಪ್ಪದೆ ಹೋಗಿಬರುವವರು. ಮಾರ್ಕಂಡೇಯನಿಗಿಂತ ಐದು ವರ್ಷ ಹಿರಿಯರು.

“ಓದಾಕ ಬರ್ತಿರಲಿಲ್ಲಾ? ಹಂಗಾದ್ರ ನಾನು ಮೂವತ್ತು ವರ್ಷ ರಾಯಚೂರಿಂದ ಚೀಲ ಚೀಲ ಪುಸ್ತಕ ಹೊತ್ತು ತಂದು ಯಾರಿಗೆ ಕೊಟ್ಟೆ? ಇವನ ಮಗ್ಗಕ್ಕ ಕೊಟ್ನ್ಯಾ? ನನಗೇನು ಹುಚ್ಚು ಹಿಡಿದಿತ್ತಾ? ನಾನು ಎಲ್ಡು ಸಲ ಓದಿದ್ರೂ ತಿಳೀದ ಪುಸ್ತಕಾನ ಅವನು ಒಂದ ಸಲ ಓದಿ, ಇದನ್ನ ಬರದಾವ ಹನ್ನೊಂದನೇ ಪುಟದಾಗ ಹೇಳಿದ್ದು ಮೂವತ್ತನೇ ಪುಟದಾಗ ಮರ್ತಾನ ನೋಡು ಅಂತ ತೋರಿಸ್ತಿದ್ದ!”

“ನಾನೇನು ಕಂಡೀನಿ ಸ್ವಾಮೀ,” ಎಂದು ಪೆಂಟಮ್ಮ ಗಾಬರಿಯಾದಳು. “ಸಾಲಿ ರಿಜಿಸ್ಟರ್‌ದಾಗ ಬರದಾರಂತ ಎಲ್ಲಾರೂ ಅಂತಾರ.”

“ಬರದಾರ,” ಎಂದರು ರಾಘಣ್ಣ. “ಯಾವನೋ ಬರದಾನ.”

ಮೌನಿಕಾ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಬರೆದ ಕೈ ಅವಳದೇ.

*

ಮೌನಿಕಾಳಿಗೆ ಎಂಟು ವರ್ಷವಿದ್ದಾಗಿನ ಮಾತು. ಮಾರ್ಕಂಡೇಯನ ಮಗ್ಗದ ಸುತ್ತ ಸಂಜೆ ನಾಲ್ಕು ಗಂಟೆಗೆ ಓಣಿಯ ಮಕ್ಕಳೆಲ್ಲ ಸೇರುತ್ತಿದ್ದರು. ಅವನು ಲಾಳಿ ನಿಲ್ಲಿಸಿ, ಸೀರೆಯ ಮೇಲೆ ಹಳೆಯ ಪಂಚೆ ಹಾಸಿ, ಅದರ ಮೇಲೆ ಪುಸ್ತಕ ಬಿಚ್ಚಿಟ್ಟು ಓದುತ್ತಿದ್ದ. ಅವತ್ತಿನದು ಗೋದಾಮಿನ ಕಾವಲುಗಾರನ ಕತೆ. ಅಮಾವಾಸ್ಯೆಯ ರಾತ್ರಿ ಸಾಹುಕಾರನ ಹತ್ತಿಯ ಮೂಟೆ ಕಳುವಾಗುತ್ತದೆ. ಊರೆಲ್ಲ ಸೇರುತ್ತದೆ. ಕಾವಲುಗಾರ ಮುಂದೆ ಬಂದು, “ಬೆಳದಿಂಗಳಲ್ಲಿ ಕಳ್ಳನ ಮುಖ ನೋಡಿದೆ, ಇಗೋ ಈ ಕುಂಬಾರನೇ” ಎನ್ನುತ್ತಾನೆ. ಕುಂಬಾರನನ್ನು ಕಂಬಕ್ಕೆ ಕಟ್ಟುತ್ತಾರೆ.

“ಸುಳ್ಳು!” ಎಂದು ಮೌನಿಕಾ ಚೀರಿದಳು.

ಮಾರ್ಕಂಡೇಯ ಪುಸ್ತಕದಿಂದ ತಲೆಯೆತ್ತಲಿಲ್ಲ. “ಸುಳ್ಳು ಅಂದ್ರ ಆಗಂಗಿಲ್ಲ. ಎಳಿ ಹರೀತು ಅನ್ನು. ಎಳಿ ಹರದ್ರ ನಾವು ಏನ್ ಮಾಡ್ತೀವಿ? ಎರಡೂ ತುದಿ ಹಿಡಿತೀವಿ. ಒಂದ ತುದಿ ಹಿಡಿದ್ರ ಗಂಟು ಬೀಳ್ತದನು? ತೋರ್ಸು ಎರಡೂ.”

ಅವಳು ಎಡಗೈ ಎತ್ತಿ ಹೆಬ್ಬೆರಳಿಗೆ ತೋರುಬೆರಳು ಹಚ್ಚಿ ಹಿಡಿದಳು. “ಈ ತುದಿ, ಕಾವಲುಗಾರ ಬೆಳದಿಂಗಳಾಗ ನೋಡ್ದೆ ಅಂದ.”

“ಆತು. ಇನ್ನೊಂದು?”

ಅವಳಿಗೆ ಹೊಳೆಯಲಿಲ್ಲ. ಬೇರೆ ಮಕ್ಕಳಿಗೂ ಹೊಳೆಯಲಿಲ್ಲ. ಮಾರ್ಕಂಡೇಯ ಹೇಳಿಕೊಡಲಿಲ್ಲ, ಕತೆಯನ್ನು ಮೊದಲಿನಿಂದ ಓದಿದ. ಎರಡನೆಯ ಸಾಲಿಗೇ ಅವಳ ಬಲಗೈ ಮೇಲೆ ಹೋಯಿತು. “ಅಮಾಸಿ! ಅಮಾಸಿ ದಿನ ಎಲ್ಲಿ ಬೆಳದಿಂಗಳ ದೊಡ್ಡಪ್ಪಾ?”

“ಹಾಂ. ಈಗ ಹೇಳು. ಬರದ ಪುಸ್ತಕ ತಪ್ಪೋ, ಓದಿದ ನಾನು ತಪ್ಪೋ, ಕತಿಯೊಳಗಿನ ಮನಷಾ ಸುಳ್ಳೋ?”

ಎರಡೂ ತುದಿ ಸಿಕ್ಕ ಮೇಲೆ ಅವನು ಯಾವಾಗಲೂ ಕೇಳುತ್ತಿದ್ದ ಪ್ರಶ್ನೆ ಅದು, ಮತ್ತು ಅಲ್ಲೇ ಇದ್ದದ್ದು ಅವನ ಕಿತಾಪತಿ ಎಲ್ಲ. ಕೆಲವು ಸಲ ಕತೆಯೊಳಗಿನವರು ಸುಳ್ಳು ಹೇಳುತ್ತಿದ್ದರು. ಕೆಲವು ಸಲ ಪುಸ್ತಕ ಬರೆದವರೇ ಮರೆತಿರುತ್ತಿದ್ದರು. ಬಹಳ ಸಲ ಮಾರ್ಕಂಡೇಯನೇ ಬೇಕೆಂದು ತಪ್ಪು ಓದುತ್ತಿದ್ದ. ಕುಂಟನನ್ನು ಓಡಿಸುತ್ತಿದ್ದ, ಸತ್ತವನಿಗೆ ಎರಡು ಪುಟದ ಆಚೆ ಊಟ ಬಡಿಸುತ್ತಿದ್ದ. ಯಾವಾಗ ಯಾವುದು ಎಂದು ಮೊದಲೇ ಗೊತ್ತಿರುತ್ತಿರಲಿಲ್ಲವಾದ್ದರಿಂದ ಮಕ್ಕಳು ಕಿವಿ ನಿಗುರಿಸಿಕೊಂಡೇ ಕೂರಬೇಕಾಗಿತ್ತು. ಮತ್ತೊಂದು ಕಾಯ್ದೆಯೂ ಇತ್ತು. ಎತ್ತಿದ ಕೈಗಳನ್ನು ಉತ್ತರ ಸಿಗುವ ತನಕ ಇಳಿಸುವಂತಿಲ್ಲ. ಉತ್ತರ ಒಪ್ಪಿಗೆಯಾದ ಮೇಲೆ ಎರಡೂ ಕೈ ಕೂಡಿಸಿ, “ಗಂಟು” ಎನ್ನಬೇಕು. ಹರಿದ ಎಳೆಯ ತುದಿ ಕೈಬಿಟ್ಟ ನೇಕಾರ ಕೆಟ್ಟ ಎಂದು ಅವನು ಗದರುತ್ತಿದ್ದ.

ಅವತ್ತು ಅವರು ಕಾವಲುಗಾರನೇ ಸುಳ್ಳ ಎಂದು ತೀರ್ಮಾನಿಸಿದರು. ಅಷ್ಟಕ್ಕೇ ಬಿಟ್ಟನೇ? “ಯಾಕ ಸುಳ್ಳು ಹೇಳ್ದ? ಅವನ ಕಳ್ಳ ಅಂತೀರೇನು? ಅದಕ್ಕ ಎಳಿ ಎಲ್ಲೈತಿ ತೋರಿಸ್ರಿ. ಇಲ್ಲಂದ್ರ ನೀವೂ ಊರ ಮಂದಿ ಹಂಗ ಒಬ್ಬನ್ನ ಹಿಡಿದು ಕಂಬಕ್ಕ ಕಟ್ಟಿದಂಗಾತು.” ಮೌನಿಕಾ ಆ ರಾತ್ರಿ ಊಟದ ತಟ್ಟೆಯ ಮುಂದೆ ಕುಳಿತು ಕಾವಲುಗಾರನ ಬಗ್ಗೆಯೇ ಯೋಚಿಸಿದಳು. ಅವಳಿಗೆ ಕೈಬರಹ ತಿದ್ದಿಸಿದವನೂ ಮಾರ್ಕಂಡೇಯನೇ. ಟೀಚರಾಗುತ್ತೇನೆ ಎಂದಾಗ ಅವಳ ಅಪ್ಪನನ್ನು ಒಪ್ಪಿಸಿ ಗದ್ವಾಲಿನ ಕಾಲೇಜಿಗೆ ಕಳಿಸಿದವನೂ ಅವನೇ.

*

“ಮೇಡಂ, ಜರಾ ಈ ಕಡೆ ಬರ್ರಿ.”

ಹೆಡ್‌ಮಾಸ್ಟರು ಪರಮೇಶ ಸರ್ ದೊಡ್ಡ ಹೂಮಾಲೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮೂರು ವರ್ಷದ ಹಿಂದೆ ತೆಲುಗು ಶಾಲೆಯಿಂದ ಇಲ್ಲಿಗೆ ಉಸ್ತುವಾರಿಗೆ ಬಂದವರು. ಕನ್ನಡ ಮಾತು ಸರಾಗ. ಓದುವುದು ಅಕ್ಷರ ಕೂಡಿಸಿ ಕೂಡಿಸಿ, ಬರೆಯುವುದೆಂದರೆ ಬೆವರು. ಅದು ತಪ್ಪೇನಲ್ಲ. ಕಲಿಯಬಹುದಿತ್ತು, ಕಲಿಯಲಿಲ್ಲ. ತಾವು ಮಾಡಬೇಕಾದ ಬರವಣಿಗೆಯನ್ನೆಲ್ಲ ಮೌನಿಕಾಳ ತಲೆಗೆ ಕಟ್ಟಿದ್ದರು.

ಮಾಲೆ ಹಾಕಿ, ಒಂದು ನಿಮಿಷ ಕಣ್ಣು ಮುಚ್ಚಿ ನಿಂತು, ಆಮೇಲೆ ಅವಳನ್ನು ಬೇವಿನ ಗಿಡದ ಕೆಳಗೆ ಕರೆದುಕೊಂಡು ಹೋದರು. ಕಿಸೆಯಿಂದ ಮಡಚಿದ ಕಾಗದ ತೆಗೆದರು.

“ಫೋನಿಗೆ ಹೇಳಿ ಟೈಪ್ ಮಾಡ್ಸೀನಿ. ಮಣ್ಣು ಹಾಕೋ ಮುಂದ ನೀವು ಓದ್ರಿ. ನಾನು ವಿಡಿಯೊ ಮಾಡ್ತೀನಿ. ನಮ್ಮ ಸಾಲಿ ಕತಿ ಪೀರಿಯಡ್ಡಿಗೆ ಜಿಲ್ಲಾದಾಗ ಹೆಸರು ಬಂದೈತಲ್ಲ, ಮ್ಯಾಲಿನವರು ಊರಿನ ಮಂದಿ ಏನು ಸಹಾಯ ಮಾಡ್ಯಾರ, ಅದರದ್ದು ವಿಡಿಯೊ ಕಳಸ್ರಿ ಅಂದಾರ. ಇದು ಚಲೋ ಆಗ್ತದ.”

ಹೆಸರು ಬಂದದ್ದು ನಿಜ. ಹೋದ ತಿಂಗಳು ಬಂದ ತಪಾಸಣೆಯವರು ಮಕ್ಕಳಿಗೆ ಒಂದು ಕತೆ ಕೊಟ್ಟು ಪ್ರಶ್ನೆ ಕೇಳಿದ್ದರು. ಮಕ್ಕಳು ಉತ್ತರ ಹೇಳಿದ್ದಷ್ಟೇ ಅಲ್ಲ, ಕತೆಯಲ್ಲೇ ಎರಡು ಕಡೆ ಎಳೆ ಹರಿದಿದೆ ಎಂದು ತೋರಿಸಿ ಅವರನ್ನು ಬೆರಗುಗೊಳಿಸಿದ್ದರು. ಇದನ್ನು ಯಾರು ಕಲಿಸಿದರು ಎಂದು ಅವರು ಕೇಳಿದಾಗ ಪರಮೇಶ ಸರ್ ನಕ್ಕು ಕೈ ಮುಗಿದಿದ್ದರು. ಆ ಕೈಮುಗಿತದ ಅರ್ಥ ‘ನಾನೇ’ ಎಂದು. ಮಕ್ಕಳು ಮೊನ್ನೆಯವರೆಗೂ ಶಾಲೆ ಬಿಟ್ಟ ಮೇಲೆ ಮಾರ್ಕಂಡೇಯನ ಮಗ್ಗದ ಹತ್ತಿರ ಹೋಗಿಯೇ ಅದನ್ನು ಕಲಿತದ್ದು ಎಂಬುದು ಊರಿಗೆಲ್ಲ ಗೊತ್ತಿತ್ತು.

ಮೌನಿಕಾ ಕಾಗದ ಓದಿಕೊಂಡಳು. ‘ಅಕ್ಷರಜ್ಞಾನ ಇಲ್ಲದಿದ್ದರೂ ಮಕ್ಕಳ ಮೇಲೆ ಪ್ರೀತಿ ಇಟ್ಟಿದ್ದ ಶ್ರೀ ಮಾರ್ಕಂಡೇಯ ಅವರು ನಮ್ಮ ಮಾರ್ಗದರ್ಶನದಲ್ಲಿ ಕೆಲಕಾಲ ಶಾಲೆಗೆ ಸೇವೆ ಸಲ್ಲಿಸಿ, ಅನಾರೋಗ್ಯದ ಕಾರಣ ತಾವಾಗಿಯೇ ನಿವೃತ್ತಿ ಪಡೆದರು.’

“ಸರ್, ಇದು ಹಂಗ ಆಗಿಲ್ಲಲ್ರಿ.”

“ಸತ್ತವರ ಬಗ್ಗೆ ಒಳ್ಳೇದ ಹೇಳ್ಬೇಕು ಮೇಡಂ. ರಿಜಿಸ್ಟರ್‌ದಾಗ ಇದ್ದದ್ದು ಓದಿದ್ರ ಛಂದ ಇರ್ತದನು?” ಅವರ ದನಿಯಲ್ಲಿ ಕೋಪ ಇರಲಿಲ್ಲ. ನಿಜಕ್ಕೂ ಉಪಕಾರ ಮಾಡುತ್ತಿದ್ದೇನೆ ಎಂದೇ ಅವರು ನಂಬಿದ್ದರು. ಮೈ ಉರಿಸುವುದೂ ಅದೇ. “ಜೂನ್‌ದಾಗ ನಿಮ್ಮ ಹೆಸರು ಮತ್ತ ಕಳಿಸ್ಬೇಕಲ್ಲ? ಕಳಿಸ್ತೀನಿ, ಚಿಂತಿ ಮಾಡಬ್ಯಾಡ್ರಿ. ಈಗ ಇದೊಂದು ಓದ್ರಿ. ಪ್ಲೀಸಮ್ಮಾ.”

ಅವಳು ಕಾಗದವನ್ನು ಮಡಚಿ ಮುಷ್ಟಿಯಲ್ಲಿ ಹಿಡಿದುಕೊಂಡಳು. ಹರಿದು ಎಸೆಯಬೇಕಿತ್ತು. ಎಸೆಯಲಿಲ್ಲ.

*

ಎರಡು ವರ್ಷದ ಹಿಂದೆಯೂ ಅವಳು ಹೀಗೆಯೇ ನಿಂತಿದ್ದಳು.

ಆಗ ಮಾರ್ಕಂಡೇಯ ಬುಧವಾರ, ಶನಿವಾರ ಶಾಲೆಗೆ ಬಂದು ಕತೆ ಓದುತ್ತಿದ್ದ. ಕರೆತಂದವಳು ಮೌನಿಕಾ. ಒಗೆದ ಅಂಗಿ, ಅಂಚಿನ ಪಂಚೆ, ಕೈಯಲ್ಲಿ ಬಟ್ಟೆಗೆ ಸುತ್ತಿದ ಪುಸ್ತಕ. ಆ ಬುಧವಾರ ಒಂದನೆಯ ತರಗತಿಯ ಮಕ್ಕಳೂ ಕುಳಿತಿದ್ದರಿಂದ ಅವರಿಗೆಂದು ಸುಲಭದ ತಪ್ಪು ಮಾಡುತ್ತಿದ್ದ.

“ಮೇಕೆ ಮರದ ಕೆಳಗೆ ಮೂರು ಮೊಟ್ಟೆ ಇಟ್ಟಿತು,” ಎಂದು ಅವನು ಗಂಭೀರವಾಗಿ ಓದಿದ.

“ಎಳಿ ಹರೀತು!” ಎಂದು ಇಡೀ ಕೋಣೆ ಕೂಗಿತು. ಪುಟ್ಟ ಪುಟ್ಟ ಕೈಗಳು ಜೋಡಿ ಜೋಡಿಯಾಗಿ ಮೇಲೆ ಹೋದವು. ಅದೇ ಹೊತ್ತಿಗೆ ಬಾಗಿಲಲ್ಲಿ ಪರಮೇಶ ಸರ್.

“ಏನು ಗಲಾಟಿ? ಏನು ಓದಾಕ ಹತ್ತೀರಿ? ಮೇಕಿ ಮೊಟ್ಟಿ ಇಡ್ತದನು?”

“ಇಡಂಗಿಲ್ರಿ ಸರ್,” ಎಂದ ಮಾರ್ಕಂಡೇಯ ನಗುತ್ತ. “ಪುಸ್ತಕದಾಗ ಮರಿ ಅಂತ ಐತಿ. ನಾನ ಬೇಕಂತ ತಪ್ಪು ಓದೀನಿ. ಹುಡುಗ್ರು ಹಿಡೀಬೇಕಂತ. ಬರದದ್ದೆಲ್ಲ ಖರೆ ಅಂತ ತಲಿ ಆಡಿಸ್ಕೋತ ಕೂಡಬಾರದಲ್ರಿ.”

“ಓದಾಕ ಬರದಿದ್ದಕ್ಕ ಇದೊಂದು ನೆವ,” ಎಂದರು ಪರಮೇಶ ಸರ್, ಮಕ್ಕಳ ಮುಂದೆಯೇ. “ತಪ್ಪು ಓದಾಕ ಹೊರಗಿನ ಮಂದಿ ಯಾಕ ಬೇಕು? ಅದನ್ನ ನಮ್ಮ ಹುಡುಗ್ರ ಮಾಡ್ತಾರ. ನಾಳೆ ಇವರು ನನಗೂ ತಪ್ಪು ಅಂತಾರ. ಮೇಡಂ, ರಿಜಿಸ್ಟರ್ ತರ್ರಿ. ನಾನು ಹೇಳ್ತೀನಿ, ನೀವು ಬರೀರಿ.”

ಅವಳು ತಂದಳು. ಅವರು ಹೇಳಿದರು. ಅವಳು ಬರೆದಳು. ‘ಮಾರ್ಕಂಡೇಯ ಎಂಬ ಓದಲು ಬಾರದ ವ್ಯಕ್ತಿ ಮಕ್ಕಳಿಗೆ ತಪ್ಪು ಕಲಿಸುತ್ತಿರುವುದರಿಂದ ಇನ್ನು ಮುಂದೆ ಶಾಲೆಯೊಳಗೆ ಬಿಡಕೂಡದು.’ ಆಗಲೂ ಜೂನ್ ಹತ್ತಿರದಲ್ಲೇ ಇತ್ತು. ಅವಳಿಗೆ ಮನೆಯಲ್ಲಿ ಲಕ್ವ ಹೊಡೆದ ಅಪ್ಪ ಇದ್ದ. ಇವೆಲ್ಲ ಕಾರಣಗಳು ಹೌದು. ಆದರೆ ತನಗೆ ಅಕ್ಷರ ತಿದ್ದಿಸಿದವನನ್ನು ಓದಲು ಬಾರದವನು ಎಂದು ಅದೇ ಅಕ್ಷರದಲ್ಲಿ ಬರೆಯುವಾಗ ಆ ಕಾರಣಗಳು ಅವಳಿಗೇ ಸಾಲಲಿಲ್ಲ.

“ನೋಡ್ತೀನಿ ಕೊಡ್ರಿ,” ಎಂದು ಮಾರ್ಕಂಡೇಯ ರಿಜಿಸ್ಟರು ಇಸಿದುಕೊಂಡ. ಕನ್ನಡಕ ಸರಿಮಾಡಿಕೊಂಡು, ಮಕ್ಕಳ ಕಡೆ ತಿರುಗಿ, ಕತೆ ಓದುವ ದನಿಯಲ್ಲೇ ಆ ಇಡೀ ವಾಕ್ಯವನ್ನು ಗಟ್ಟಿಯಾಗಿ ಓದಿದ. ಒಂದು ಅಕ್ಷರ ತಪ್ಪಲಿಲ್ಲ. ಓದಲು ಬಾರದ ವ್ಯಕ್ತಿ ಎಂಬುದನ್ನು ಅಷ್ಟು ಚೆನ್ನಾಗಿ ಇನ್ಯಾರೂ ಓದಲಾರರು. ಓದಿ ಮುಗಿಸಿ ಮಕ್ಕಳ ಮುಖ ನೋಡುತ್ತ ಒಂದು ಗಳಿಗೆ ಕಾದ.

ಮೂರನೆಯ ತರಗತಿಯ ಅಖಿಲಾ ಕೈ ಎತ್ತಲು ಹೋದಳು. ಮೌನಿಕಾ ಅವಳನ್ನು ಕಣ್ಣಿನಲ್ಲೇ ಗದರಿಸಿದಳು. ಹುಡುಗಿ ಕೈ ಇಳಿಸಿದಳು.

ಪರಮೇಶ ಸರ್ ಅವನು ಓದಿದ್ದನ್ನು ಕಿವಿಗೇ ಹಾಕಿಕೊಳ್ಳದೆ ಫೋನಿನಲ್ಲಿ ಏನೋ ನೋಡುತ್ತಿದ್ದರು. ಮಾರ್ಕಂಡೇಯ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿದ. ಹೋಗುವಾಗ ಮೌನಿಕಾಳ ಹತ್ತಿರ ನಿಂತು, “ಅಕ್ಷರ ಛಂದ ಅದಾವ,” ಎಂದಷ್ಟೇ ಹೇಳಿದ. ಅವನ ಮಾತಿನಲ್ಲಿ ಕೊಂಕು ಇದ್ದಿದ್ದರೆ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ.

*

“ಬಾಲಮಾಮಾ, ಅಲ್ಲಿ ಹುಡುಕಿದ್ರ ಸಿಗಂಗಿಲ್ಲ.”

ಒಳಗೆ ಅಖಿಲಾ ಮಗ್ಗದ ಪಕ್ಕ ಮಂಡಿಯೂರಿ ಕುಳಿತಿದ್ದಳು. ಬಾಲರಾಜ ಬೆವರು ಒರೆಸಿಕೊಂಡು ಸಿಡುಕಿದ. “ನಿನಗೇನು ಗೊತ್ತು? ಸುಮ್ನ ಹೋಗವ್ವಾ.”

“ನೀವು ಇನ್ನೂ ನೇಯದ ಕಡೆ ಹುಡುಕಾಕ ಹತ್ತೀರಿ. ಅಲ್ಲಿ ಎಲ್ಲಾ ಎಳಿ ಒಂದ ನಮೂನಿ ಕಾಣ್ತಾವ. ನೇಯ್ದದ್ದರಾಗ ನೋಡ್ರಿ. ಎಳಿ ಹರದ ಮ್ಯಾಲೂ ತಾತ ಹತ್ತು ಹನ್ನೆರಡು ಸಲ ಲಾಳಿ ಹೊಡದಿರ್ತಾರ, ತಕ್ಷಣ ತಿಳೀತದನು? ಅಲ್ಲಿ ಸಂದು ಬಿಟ್ಟಿರ್ತದ.”

ಅವಳು ನೇಯ್ಗೆ ನಿಂತ ಜಾಗಕ್ಕೆ ಕಣ್ಣು ಹತ್ತಿರ ತಂದು ಬೆರಳು ಸರಿಸುತ್ತ ಹೋದಳು. ಕೆಂಪು ಅಂಚಿನಿಂದ ನಾಲ್ಕು ಬೆರಳು ಈಚೆಗೆ ಬೆರಳು ನಿಂತಿತು. ಕೂದಲಿನಷ್ಟು ಸಣ್ಣ ಗೆರೆ, ಅಕ್ಕಿಕಾಳಿನಷ್ಟು ಉದ್ದ. ಅದರ ನೇರಕ್ಕೆ ಆಚೆ ನೋಡಿದರೆ, ಹರಿದ ತುದಿ ಪಕ್ಕದ ಎಳೆಗೆ ಅಂಟಿಕೊಂಡು ಮಲಗಿತ್ತು.

ಬಾಲರಾಜ ಅವಳನ್ನು ನೋಡಿದ. ಆಮೇಲೆ ಮಗ್ಗದ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತ. “ನನಗೂ ಹಿಂಗ ಕಲಿಸಾಕ ಬರ್ತಿದ್ದ ಅಪ್ಪ. ನಾನ ಕೂಡ್ಲಿಲ್ಲ.”

ಗಂಟು ಹಾಕಿದ. ಲಾಳಿಯ ಸದ್ದು ಶುರುವಾಯಿತು. ಅರ್ಧ ತಾಸು ಆ ಓಣಿಯಲ್ಲಿ ಅದೊಂದೇ ಸದ್ದು. ಜೋಗಮ್ಮ ಗಂಡನ ಕಿವಿಯ ಹತ್ತಿರ ಬಾಗಿ, “ಕೇಳಾಕ ಹತ್ತೈತೇನು?” ಎಂದು ಕೇಳಿದಳು.

ಗೇಣು ಮುಗಿಯಿತು. ಹೆಣ ಎತ್ತಿದರು.

*

ಆ ಊರಲ್ಲಿ ಹೆಂಗಸರೂ ಮಕ್ಕಳೂ ಮಣ್ಣಿಗೆ ಹೋಗುತ್ತಾರೆ. ಊರ ಆಚೆ, ಜಾಲಿಗಿಡಗಳ ನಡುವೆ, ಊರಿಗೆಲ್ಲ ಗುಂಡಿ ತೋಡುವ ಲಕ್ಷ್ಮಣ್ ಬೆಳಗ್ಗೆಯೇ ಕೆಲಸ ಮುಗಿಸಿದ್ದ. ಮಾರ್ಕಂಡೇಯನನ್ನು ಒಳಗೆ ಇಳಿಸಿದರು. ರಾಘಣ್ಣ ಕೋಲೂರಿಕೊಂಡು ಅಷ್ಟು ದೂರ ನಡೆದು ಬಂದಿದ್ದರು. ಕತೆ ಪುಸ್ತಕವೊಂದನ್ನು ಅವನ ಎದೆಯ ಮೇಲೆ ಇರಿಸಲು ಹೇಳಿದರು. ಜೋಗಮ್ಮ ಮೊದಲ ಮಣ್ಣು ಹಾಕಲು ಹಿಡಿ ತುಂಬಿಕೊಂಡಳು.

“ಒಂದ ನಿಮಿಷ ಅಮ್ಮಾ,” ಎಂದರು ಪರಮೇಶ ಸರ್. “ಸಾಲಿ ಕಡೆಯಿಂದ ಎರಡು ಮಾತು.” ಅವರು ಫೋನು ಎತ್ತಿ ಹಿಡಿದು ಮೌನಿಕಾಳ ಕಡೆ ತಲೆಯಾಡಿಸಿದರು.

ಮೌನಿಕಾ ಕಾಗದ ಬಿಚ್ಚಿದಳು. ಬೆವರಿಗೆ ಅಂಟಿಕೊಂಡಿತ್ತು. ಓದಿದಳು. ಅಕ್ಷರಜ್ಞಾನ ಇಲ್ಲದಿದ್ದರೂ ಎಂದು ಓದಿದಳು. ನಮ್ಮ ಮಾರ್ಗದರ್ಶನದಲ್ಲಿ ಎಂದು ಓದಿದಳು. ತನ್ನ ದನಿ ತನಗೇ ಅಸಹ್ಯವಾಯಿತು. ಅನಾರೋಗ್ಯದ ಕಾರಣ ತಾವಾಗಿಯೇ ನಿವೃತ್ತಿ ಪಡೆದರು ಎನ್ನುವಷ್ಟರಲ್ಲಿ...

“ಎಳಿ ಹರೀತು ಟೀಚರ್.”

ಅಖಿಲಾ. ಎರಡೂ ಕೈ ಮೇಲೆ. ಎರಡೂ ಕೈಯಲ್ಲಿ ಹೆಬ್ಬೆರಳಿಗೆ ತೋರುಬೆರಳು ಹಚ್ಚಿತ್ತು. ಈ ಸಲ ಅವಳು ಮೌನಿಕಾಳ ಕಣ್ಣು ನೋಡಲಿಲ್ಲ. ಗುಂಡಿಯೊಳಗೆ ನೋಡುತ್ತ ಮಾತಾಡಿದಳು.

“ಈ ತುದಿ, ತಾತಗ ಓದಾಕ ಬರ್ತಿರಲಿಲ್ಲ, ಆರಾಮ ಇರಲಿಲ್ಲ, ಅವರ ತಾವಾಗಿ ಸಾಲಿ ಬಿಟ್ರು ಅಂತ ಈಗ ಓದಿದ್ರಿ. ಇನ್ನೊಂದು ತುದಿ, ತಾತನ್ನ ಸಾಲಿ ಒಳಗ ಬಿಡಬ್ಯಾಡ್ರಿ ಅಂತ ರಿಜಿಸ್ಟರ್‌ದಾಗ ಬರದೈತಿ. ಅದನ್ನ ನಮಗ ಓದಿ ಹೇಳಿದ್ದು ತಾತನ. ನಾನು ಅಲ್ಲೇ ಇದ್ದೆ. ಒಂದೂ ತಪ್ಪಿರಲಿಲ್ಲ. ಓದಾಕ ಬರದವರು ಹೆಂಗ ಓದಿದ್ರು?”

ಅವಳ ಪಕ್ಕದ ಹುಡುಗ ಕೈಗಳನ್ನೆತ್ತಿದ. ಅವನ ಹಿಂದಿನವಳು ಎತ್ತಿದಳು. ನೋಡು ನೋಡುತ್ತ ಹದಿನೇಳು ಜೊತೆ ಕೈಗಳು ಗುಂಡಿಯ ಸುತ್ತ ಮೇಲಿದ್ದವು.

“ಬರದದ್ದು ತಪ್ಪೋ, ಓದಿದವರು ತಪ್ಪೋ, ಮನಷಾ ಸುಳ್ಳೋ ಟೀಚರ್?”

“ಮೇಡಂ, ಏನಿದು?” ಎಂದರು ಪರಮೇಶ ಸರ್. “ಕೈ ಇಳಸಾಕ ಹೇಳ್ರಿ. ರೆಕಾರ್ಡ್ ಆಗಾಕ ಹತ್ತೈತಿ.”

ಮೌನಿಕಾ ಗುಂಡಿಯೊಳಗಿನ ಮುಖವನ್ನು ಎರಡು ವರ್ಷದ ನಂತರ ನೆಟ್ಟಗೆ ನೋಡಿದಳು. ಜೂನ್ ನೆನಪಾಯಿತು. ಅಪ್ಪ ನೆನಪಾದ. ನೆನಪಾಗಲಿ ಎಂದುಕೊಂಡಳು.

“ಕಾಗದದಾಗ ಇದ್ದಂಗ ಓದೀನಿ,” ಎಂದಳು ಮಕ್ಕಳಿಗೆ. “ಆದ್ರ ರಿಜಿಸ್ಟರ್‌ದಾಗ ಬರದ ಕೈ ನಂದು. ಸುಳ್ಳು ಅಂತ ಗೊತ್ತಿದ್ದೂ ಬರದೆ. ನಿಮ್ಮ ತಾತ ನನಗ ಓದಾಕ ಕಲಿಸಿದವರು. ಅವರಷ್ಟು ಓದಾಕ ಬರೋವರು ಈ ಊರಾಗ ಯಾರೂ ಇದ್ದಿಲ್ಲ. ಅವತ್ತು ಅಖಿಲಾ ಕೈ ಎತ್ತಾಕ ಹೋದಾಗ ನಾನ ಇಳಿಸ್ದೆ. ಅದು ನನ್ನ ತಪ್ಪು. ಇನ್ನ ಇದನ್ನ ಹೇಳಿ ಬರೆಸಿದವರು ಇಲ್ಲೇ ಅದಾರ. ಉಳಿದದ್ದು ಅವರ ಹೇಳ್ಬೇಕು.”

ಅವಳು ಕಾಗದವನ್ನು ಪರಮೇಶ ಸರ್ ಅವರ ಅಂಗಿಯ ಕಿಸೆಗೆ ತುರುಕಿದಳು. ಹಿಂದೆ ಹೋಗಿ ಅಖಿಲಾಳ ಪಕ್ಕ ನಿಂತಳು. ತನ್ನ ಎರಡೂ ಕೈ ಎತ್ತಿ, ಬೆರಳು ಜೋಡಿಸಿ ಹಿಡಿದಳು.

“ಈಗ ಎಲ್ಲಾರೂ ಮಣ್ಣು ಹಾಕ್ರಿ, ಹೊತ್ತಾಗೈತಿ,” ಎಂದರು ಪರಮೇಶ ಸರ್, ಅವಸರದಿಂದ.

“ಹೆಂಗ ಹಾಕೋದು ಸರ್?” ಎಂದಳು ಅಖಿಲಾ. “ಕೈ ಖಾಲಿ ಇಲ್ಲ. ಗಂಟು ಬೀಳೋತನಕ ಇಳಸಂಗಿಲ್ಲ.”

ಯಾರೋ ಒಬ್ಬರು ಮಕ್ಕಳನ್ನು ಗದರಲು ಮುಂದೆ ಬಂದರು. ರಾಘಣ್ಣ ಕೋಲು ಅಡ್ಡ ಹಿಡಿದರು. ಪೆಂಟಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೆಡ್‌ಮಾಸ್ಟರನ್ನೇ ನೋಡುತ್ತಿದ್ದಳು. ಬಾಲರಾಜ ಅವ್ವನ ಮುಖ ನೋಡಿದ.

ಜೋಗಮ್ಮ ತನ್ನ ಹಿಡಿಯಲ್ಲಿದ್ದ ಮಣ್ಣನ್ನು ಮೆಲ್ಲಗೆ ಗುಡ್ಡೆಗೇ ವಾಪಸು ಸುರಿದಳು. “ಎಲ್ಡು ವರ್ಷ ಕಾದಾನ,” ಎಂದಳು. “ಇನ್ನೊಂದೀಟು ಕಾಯ್ತಾನ. ಹೇಳ್ರಿ ಸರ್.”

ಕಿರಿಯ ಮಕ್ಕಳ ತೋಳು ಆಗಲೇ ನಡುಗುತ್ತಿದ್ದವು. ಒಬ್ಬರೂ ಇಳಿಸಲಿಲ್ಲ. ಪರಮೇಶ ಸರ್ ಫೋನನ್ನು ಇನ್ನೂ ಹಾಗೆಯೇ ಹಿಡಿದಿದ್ದರು. ನಿಲ್ಲಿಸಬೇಕೆಂಬುದು ಅವರಿಗೆ ಮರೆತಿತ್ತು. ಅದರ ಪುಟ್ಟ ಪರದೆಯ ತುಂಬ ಕೈಗಳು. ಲಕ್ಷ್ಮಣ್ ಸಲಿಕೆಯನ್ನು ಮಣ್ಣಿನ ಗುಡ್ಡೆಗೆ ಚುಚ್ಚಿ ನಿಲ್ಲಿಸಿ, ತಲೆಯ ವಸ್ತ್ರ ಬಿಚ್ಚಿ ಮುಖ ಒರೆಸಿಕೊಂಡ. ಆಮೇಲೆ ಹೆಡ್‌ಮಾಸ್ಟರ ಕಡೆ ಮುಖ ಮಾಡಿ, ಗುಂಡಿಯ ಅಂಚಿನಲ್ಲಿ ಕುಳಿತುಕೊಂಡ.